ಎಲೆಗೆ ನಿಜಕ್ಕೂ ಎಷ್ಟು ಬಿಸಿಲು ಸಿಗುತ್ತಿದೆ? ತೋಟದಲ್ಲೇ ಅಳೆಯೋದು ಹೀಗೆ

ಅಡಿಕೆ ತೋಟಕ್ಕೆ ಯಾರೇ ಬರಲಿ, ಎರಡರಲ್ಲಿ ಒಂದು ಮಾತು ಗ್ಯಾರಂಟಿ. ‘ನೆರಳು ಜಾಸ್ತಿ ಆಯ್ತು ಮಾರಾಯ್ರೆ, ಸ್ವಲ್ಪ ಕಡಿಸಿ’ ಅಂತಾರೆ, ಇಲ್ಲಾಂದ್ರೆ ‘ಬಿಸಿಲು ಸಿಕ್ಕಾಪಟ್ಟೆ ಬೀಳ್ತಿದೆ, ಏನಾದ್ರೂ ನೆಡಿ’ ಅಂತಾರೆ. ಎಷ್ಟು ಜಾಸ್ತಿ ಅಂತ ಕೇಳಿ ನೋಡಿ. ತಲೆ ಎತ್ತಿ ಮರದ ತುದಿ ನೋಡುತ್ತಾರೆ, ಅಷ್ಟೇ.

ಅವರ ತಪ್ಪಲ್ಲ. ಬೆಳಕು ಅಳೆಯುವುದಕ್ಕೆ ಕಣ್ಣು ಬಹಳ ಕೆಟ್ಟ ಸಾಧನ. ಬಯಲಿನಲ್ಲಿ ಮಧ್ಯಾಹ್ನ ಸುಮಾರು 1 ಲಕ್ಷ ಲಕ್ಸ್ ಬೆಳಕಿರುತ್ತದೆ. ಅಲ್ಲಿಂದ ಹಲಸು, ಮತ್ತಿ, ಅಡಿಕೆ ಎಲ್ಲ ಸೇರಿ ಮುಚ್ಚಿಕೊಂಡ ಜಾಗಕ್ಕೆ ಇಳಿದರೆ 5,000 ಲಕ್ಸ್ ಇರಬಹುದು. ಅಂದರೆ ಇಪ್ಪತ್ತರಲ್ಲಿ ಒಂದು ಪಾಲು. ಆದರೆ ಒಳಗೆ ಹೋಗಿ ಎರಡು ನಿಮಿಷ ನಿಂತರೆ ಕಣ್ಣು ಹೊಂದಿಕೊಂಡುಬಿಡುತ್ತದೆ, ‘ತಂಪಾಗಿದೆ, ಬೆಳಕೂ ಚೆನ್ನಾಗಿದೆ’ ಅನ್ನಿಸುತ್ತದೆ. ಅಲ್ಲಿರುವ ಮೆಣಸಿನ ಬಳ್ಳಿಗೆ ಹಾಗೆ ಅನ್ನಿಸುವುದಿಲ್ಲ.

ಅಳೆಯುವುದು ಕಷ್ಟ ಏನಲ್ಲ. ದುಬಾರಿ ಉಪಕರಣವೂ ಬೇಕಿಲ್ಲ, ಜೇಬಿನಲ್ಲಿರುವ ಫೋನಿನಿಂದಲೇ ಶುರು ಮಾಡಬಹುದು. ಒಂದು ವಿಷಯ ಮಾತ್ರ ಮೊದಲೇ ಹೇಳಿಬಿಡುತ್ತೇನೆ: ಬರೀ ‘ಇಷ್ಟು ಲಕ್ಸ್’ ಅನ್ನುವ ಅಂಕಿಯ ಹಿಂದೆ ಬೀಳಬೇಡಿ. ಮೋಡದ ಒಂದು ತುಂಡು ಬಂದರೆ ಆ ಅಂಕಿ ಅರ್ಧವಾಗುತ್ತದೆ. ನಮಗೆ ಬೇಕಾದದ್ದು ಪಾಲು, ಅಂದರೆ ಬಯಲಿನಲ್ಲಿ ನೂರು ಬಿದ್ದಾಗ ಎಲೆಗೆ ಎಷ್ಟು ಸಿಗುತ್ತದೆ ಅನ್ನುವುದು. ಆ ಪಾಲು ಹಿಡಿಯುವುದಕ್ಕೆ ಒಳ್ಳೆಯ ದಿನ ಯಾವುದು ಗೊತ್ತಾ? ಫಳಫಳ ಬಿಸಿಲಿನ ದಿನ ಅಲ್ಲ. ಕವಿದುಕೊಂಡ ಮೋಡದ ದಿನ. ನಮ್ಮ ಮಲೆನಾಡಿನ ಕಡೆ ಅದಕ್ಕೇನೂ ಬರ ಇಲ್ಲ.

ಲಕ್ಸ್ ಅಂದ್ರೇನು, ಎಲೆ ನೋಡೋದೇನು

ಲಕ್ಸ್ ಅನ್ನುವುದು ಮನುಷ್ಯರ ಕಣ್ಣಿಗೆ ಹೊಂದಿಸಿದ ಅಳತೆ. ನಮ್ಮ ಕಣ್ಣಿಗೆ ಹಸಿರು ಬೆಳಕು ಚೆನ್ನಾಗಿ ಕಾಣುತ್ತದೆ, ಕೆಂಪು-ನೀಲಿ ಅಷ್ಟಾಗಿ ಕಾಣುವುದಿಲ್ಲ. ಹಾಗಾಗಿ ಲಕ್ಸ್ ಮೀಟರ್ ಕೂಡ ಹಸಿರಿಗೆ ಜಾಸ್ತಿ ಮಾರ್ಕ್ಸ್ ಕೊಡುತ್ತದೆ. ಎಲೆಯ ಲೆಕ್ಕ ಬೇರೆ. ಅದು ಊಟ ತಯಾರಿಸುವುದಕ್ಕೆ ಬಳಸುವುದು 400ರಿಂದ 700 ನ್ಯಾನೋಮೀಟರ್ ಅಲೆಯುದ್ದದ ಬೆಳಕನ್ನು. ಇದಕ್ಕೆ ವಿಜ್ಞಾನಿಗಳು ‘ಪಾರ್’ ಅನ್ನುತ್ತಾರೆ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಸೆಕೆಂಡಿನಲ್ಲಿ ಇಂಥ ಬೆಳಕಿನ ಕಣಗಳು ಎಷ್ಟು ಬಿದ್ದವು ಅಂತ ಎಣಿಸಿ ಮೈಕ್ರೋಮೋಲ್ ಲೆಕ್ಕದಲ್ಲಿ ಹೇಳುತ್ತಾರೆ. ಮೋಡ ಇಲ್ಲದ ದಿನ ನೆತ್ತಿಯ ಬಿಸಿಲಿನಲ್ಲಿ ಇದು ಹತ್ತಿರ ಹತ್ತಿರ 2,000 ಇರುತ್ತದೆ.

ಬಯಲಿನ ಬಿಸಿಲಿಗೆ ಮಾತ್ರ ಒಂದು ಸುಲಭದ ಲೆಕ್ಕ ಇದೆ. ಲಕ್ಸನ್ನು 54ರಿಂದ ಭಾಗಿಸಿ. 1 ಲಕ್ಷ ಲಕ್ಸ್ ಅಂದರೆ ಸುಮಾರು 1,850 ಮೈಕ್ರೋಮೋಲ್. ಆದರೆ ಮರದ ಕೆಳಗೆ ಈ ಲೆಕ್ಕ ಸ್ವಲ್ಪ ಮೋಸ ಮಾಡುತ್ತದೆ. ಮೇಲಿನ ಎಲೆಗಳು ಕೆಂಪು-ನೀಲಿಯನ್ನು ಹೆಚ್ಚು ನುಂಗಿ ಹಸಿರನ್ನು ಕೆಳಕ್ಕೆ ಬಿಡುತ್ತವೆ. ಆ ಹಸಿರನ್ನು ನೋಡಿ ಲಕ್ಸ್ ಮೀಟರ್ ಹಿಗ್ಗುತ್ತದೆ. ಹಾಗಾಗಿ ದಟ್ಟ ನೆರಳಿನಲ್ಲಿ ಲಕ್ಸ್ ಮೀಟರ್ ತೋರಿಸಿದ ಪಾಲಿಗಿಂತ ಎಲೆಗೆ ಸಿಗುವ ಪಾಲು ಕಡಿಮೆಯೇ ಇರುತ್ತದೆ ಅಂತ ಇಟ್ಟುಕೊಳ್ಳಿ. ನಿಮ್ಮದೇ ತೋಟದ ಎರಡು ಜಾಗ ಹೋಲಿಸುವುದಕ್ಕೆ, ಮರಗಸಿ (ನೆರಳಿನ ಮರದ ಕೊಂಬೆ ಸವರುವುದು) ಮಾಡುವ ಮೊದಲು ಮತ್ತು ಆಮೇಲೆ ನೋಡುವುದಕ್ಕೆ ಇದರಿಂದ ದೊಡ್ಡ ತೊಂದರೆ ಇಲ್ಲ.

ಸಾಮಾನು

ಫೋನು ಸಾಕು ಅಂದೆ. ಆಂಡ್ರಾಯ್ಡ್ ಫೋನುಗಳಲ್ಲಿ ಬೆಳಕಿನ ಸೆನ್ಸರ್ ಸಾಮಾನ್ಯವಾಗಿ ಮುಂಭಾಗದಲ್ಲಿ, ಕಿವಿಗೆ ಹಿಡಿಯುವ ಜಾಗದ ಪಕ್ಕ ಇರುತ್ತದೆ. ಸ್ಕ್ರೀನಿನ ಬೆಳಕು ತಾನಾಗಿಯೇ ಹೆಚ್ಚು ಕಡಿಮೆ ಆಗುತ್ತದಲ್ಲ, ಅದೇ ಸೆನ್ಸರಿನ ಕೆಲಸ. ಲಕ್ಸ್ ಮೀಟರ್ ಆ್ಯಪ್ ಹಾಕಿಕೊಂಡು ಬೆರಳಿನಿಂದ ಮುಚ್ಚಿ ತೆಗೆದು ನೋಡಿ, ಅಂಕಿ ಎಲ್ಲಿ ಮುಚ್ಚಿದಾಗ ಬೀಳುತ್ತದೋ ಅಲ್ಲೇ ಸೆನ್ಸರ್. ಐಫೋನಿನಲ್ಲಿ ಇಂಥ ಆ್ಯಪ್‌ಗಳು ಹೆಚ್ಚಾಗಿ ಕ್ಯಾಮೆರಾ ಬಳಸಿ ಅಂದಾಜು ಮಾಡುತ್ತವೆ. ಯಾವುದಾದರೂ ಇರಲಿ, ಒಂದು ಕೆಲಸಕ್ಕೆ ಮೊದಲಿಂದ ಕೊನೆವರೆಗೆ ಒಂದೇ ಫೋನು. ಮಗನ ಫೋನಿನಲ್ಲಿ ಬಯಲು ಅಳೆದು, ನಿಮ್ಮ ಫೋನಿನಲ್ಲಿ ತೋಟ ಅಳೆದರೆ ಬಂದದ್ದು ಫೋನುಗಳ ವ್ಯತ್ಯಾಸ, ಬೆಳಕಿನದ್ದಲ್ಲ.

ಫೋನಿಗೆ ಎರಡು ಕಾಯಿಲೆ. ಒಂದು, ಜೋರು ಬಿಸಿಲಿನಲ್ಲಿ ಕೆಲವು ಸೆನ್ಸರುಗಳು ಒಂದು ಅಂಕಿಗೆ ಹೋಗಿ ನಿಂತುಬಿಡುತ್ತವೆ. ಬಿಸಿಲಿಗೆ ಹಿಡಿದು, ಮೇಲೆ ಸೊಳ್ಳೆಪರದೆ ಒಂದು ಪದರ ಅಡ್ಡ ಹಿಡಿಯಿರಿ. ಅಂಕಿ ಅಲುಗಾಡಲೇ ಇಲ್ಲ ಅಂದರೆ ಸೆನ್ಸರ್ ತುಂಬಿ ಹೋಗಿದೆ ಅಂತ ಅರ್ಥ. ಎರಡು, ಓರೆಯಾಗಿ ಬರುವ ಬೆಳಕನ್ನು ಅದು ಸರಿಯಾಗಿ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಎರಡಕ್ಕೂ ಮದ್ದು ಒಂದೇ: ಸೆನ್ಸರಿನ ಮೇಲೆ ಬಿಳಿ ಹೊದಿಕೆ. ನಲ್ಲಿ ತಿರುಪಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪು ಎಲ್ಲ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ, ಅದನ್ನು ನಾಲ್ಕೈದು ಪದರ ಮಾಡಿ ಅಂಟಿಸಿ. ಬಿಳಿ ಹಾಳೆಯ ತುಂಡಾದರೂ ಆದೀತು, ಆದರೆ ಮಳೆಗಾಲದಲ್ಲಿ ಒದ್ದೆಯಾಗಿ ಕೆಡುತ್ತದೆ. ಹೊದಿಕೆ ಹಾಕಿದ ಮೇಲೆ ಅಂಕಿ ಇಳಿಯುತ್ತದೆ. ಇಳಿಯಲಿ ಬಿಡಿ. ಬಯಲಿಗೂ ತೋಟಕ್ಕೂ ಒಂದೇ ಹೊದಿಕೆ ಇದ್ದರೆ ಪಾಲು ತೆಗೆಯುವಾಗ ಅದು ವಜಾ ಆಗಿ ಹೋಗುತ್ತದೆ.

ಹೊದಿಕೆ ಸರಿ ಇದೆಯಾ ಅಂತ ನೋಡುವ ಒಂದು ಪರೀಕ್ಷೆ ಇದೆ. ಶುಭ್ರ ಬಿಸಿಲಿನಲ್ಲಿ ಸೆನ್ಸರನ್ನು ನೇರ ಸೂರ್ಯನ ಕಡೆಗೆ ಹಿಡಿದು ಅಂಕಿ ಬರೆದುಕೊಳ್ಳಿ. ಆಮೇಲೆ 60 ಡಿಗ್ರಿ ವಾಲಿಸಿ. ಸೂರ್ಯನಿಂದ 60 ಡಿಗ್ರಿ ವಾಲಿದ ಯಾವುದೇ ಮೇಲ್ಮೈಗೆ ನೇರ ಬಿಸಿಲು ಅರ್ಧ ಮಾತ್ರ ಬೀಳುತ್ತದೆ. ಶಾಲೆಯಲ್ಲಿ ಓದಿದ ಕೊಸೈನ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಅಂಕಿಯೂ ಅರ್ಧದ ಆಸುಪಾಸು ಬಂದರೆ ಹೊದಿಕೆ ಚೆನ್ನಾಗಿದೆ. ಕಾಲು ಭಾಗಕ್ಕೆ ಬಿತ್ತು ಅಂದರೆ ಟೇಪು ಸೆನ್ಸರಿಗೆ ಸರಿಯಾಗಿ ಬೆಳಕು ಹರಡುತ್ತಿಲ್ಲ, ಇನ್ನೊಂದೆರಡು ಪದರ ಸೇರಿಸಿ.

ಸ್ವಲ್ಪ ಖರ್ಚು ಮಾಡಬಲ್ಲಿರಾದರೆ ಲಕ್ಸ್ ಮೀಟರೇ ತಗೊಳ್ಳಿ, ಒಂದೆರಡು ಸಾವಿರಕ್ಕೆ ಸಿಗುತ್ತದೆ. ವೈರಿನ ತುದಿಯಲ್ಲಿ ಸೆನ್ಸರ್ ಬೇರೆಯಾಗಿ ಇರುವುದನ್ನೇ ಆರಿಸಿ. ಎಲೆಯ ಪಕ್ಕ ಸೆನ್ಸರ್ ಇಟ್ಟು, ಅಂಕಿಯನ್ನು ದೂರದಿಂದ ಓದಬಹುದು. ಕೊಳ್ಳುವ ಮೊದಲು ಅದು 1 ಲಕ್ಷದ ಮೇಲೂ ತೋರಿಸುತ್ತದಾ ಅಂತ ನೋಡಿ.

ಸಂಶೋಧಕರು ಬಳಸುವುದು ಕ್ವಾಂಟಮ್ ಸೆನ್ಸರ್. ಇದು ನೇರವಾಗಿ ಪಾರ್ ತೋರಿಸುತ್ತದೆ, ಹಸಿರಿಗೆ ಮೋಸ ಹೋಗುವುದಿಲ್ಲ. ಇನ್ನೊಂದು ಉದ್ದ ಕೋಲಿನಂಥದ್ದು, ಅದರ ಉದ್ದಕ್ಕೂ ಸಾಲಾಗಿ ಹತ್ತಾರು ಸೆನ್ಸರ್ ಕೂರಿಸಿರುತ್ತಾರೆ. ಚುಕ್ಕೆ ಚುಕ್ಕೆ ಬಿಸಿಲಿನ ಕೆಳಗೆ ಅಡ್ಡ ಹಿಡಿದರೆ ಎಲ್ಲದರ ಸರಾಸರಿಯನ್ನು ಒಟ್ಟಿಗೆ ಕೊಡುತ್ತದೆ. ಇವೆಲ್ಲ ದುಬಾರಿ, ಒಬ್ಬ ಬೆಳೆಗಾರ ಕೊಳ್ಳುವಂಥದ್ದಲ್ಲ. ಕೃಷಿ ವಿಶ್ವವಿದ್ಯಾಲಯದಲ್ಲಿ ಪರಿಚಯದವರಿದ್ದರೆ ಕೇಳಿ ನೋಡಿ, ಅದು ಇರುವ ನವಿಲೆಯೂ ಇರುವಕ್ಕಿಯೂ ನಮಗೆ ದೂರ ಏನಲ್ಲ. ಒಂದು ದಿನದ ಮಟ್ಟಿಗೆ ಸಿಕ್ಕಿದರೂ ಲಾಭವೇ: ಬಯಲಿನಲ್ಲೊಮ್ಮೆ, ನಿಮ್ಮ ತೋಟದ ನೆರಳಿನಲ್ಲೊಮ್ಮೆ ಅದರ ಪಕ್ಕಕ್ಕೆ ನಿಮ್ಮ ಮೀಟರ್ ಇಟ್ಟು ಎರಡರ ಅಂಕಿ ಬರೆದುಕೊಂಡರೆ, 54ರ ಬದಲು ನಿಮ್ಮ ನೆರಳಿಗೆ ಯಾವ ಅಂಕಿಯಿಂದ ಭಾಗಿಸಬೇಕು ಅಂತ ಗೊತ್ತಾಗುತ್ತದೆ.

ಮೋಡದ ದಿನದ ವಿಧಾನ

ಬಿಸಿಲಿನ ದಿನ ತೋಟದೊಳಗೆ ಏನಾಗುತ್ತದೆ ಅಂತ ಒಂದೇ ಒಂದು ಮೆಣಸಿನ ಎಲೆಯ ಮುಂದೆ ನಿಂತು ನೋಡಿ. ಎದೆಮಟ್ಟದ ಎಲೆ, ಅಂಗೈ ಅಗಲ. ಈಗ ಪೂರ್ತಿ ನೆರಳಿನಲ್ಲಿದೆ, ಮೀಟರ್ 2,500 ತೋರಿಸುತ್ತಿದೆ. ಮೇಲೆ ಎಲ್ಲೋ ಅಡಿಕೆ ಸೋಗೆ (ಗರಿ) ಅಲುಗುತ್ತದೆ. ಎಲೆಯ ತುದಿಗೆ ಕಾಸಿನಗಲದ ಬಿಸಿಲು ಬೀಳುತ್ತದೆ, ಮಧ್ಯನರದ ಮೇಲೆ ಹಾದು ತೊಟ್ಟಿನ ಹತ್ತಿರ ಬರುತ್ತದೆ, ಮೀಟರ್ 40,000ಕ್ಕೆ ಹಾರುತ್ತದೆ. ಗಾಳಿ ನಿಂತಿತು. ಮತ್ತೆ 2,500. ಇದರಲ್ಲಿ ಯಾವುದನ್ನು ಬರೆದುಕೊಳ್ಳುತ್ತೀರಿ? ಎರಡೂ ನಿಜ, ಎರಡರಿಂದಲೂ ಪ್ರಯೋಜನ ಇಲ್ಲ.

ಮೋಡ ಕವಿದ ದಿನ ಈ ರಗಳೆ ಇಲ್ಲ. ಆಗ ಬೆಳಕು ಒಂದೇ ಕಡೆಯಿಂದ ಬರುವುದಿಲ್ಲ, ಇಡೀ ಆಕಾಶದಿಂದ ಬರುತ್ತದೆ. ತೋಟದೊಳಗೆ ಬಿಸಿಲಿನ ಚುಕ್ಕೆಗಳೇ ಇರುವುದಿಲ್ಲ. ಎಲೆಗೆ ಮೇಲೆ ಆಕಾಶ ಎಷ್ಟು ತೆರೆದುಕೊಂಡಿದೆ ಅನ್ನುವುದೇ ಪಾಲನ್ನು ತೀರ್ಮಾನಿಸುತ್ತದೆ. ಅಂಥ ದಿನ ಒಮ್ಮೆ ಅಳೆದ ಪಾಲು, ಆ ಜಾಗಕ್ಕೆ ದಿನವಿಡೀ ಸಿಗುವ ಸರಾಸರಿ ಪಾಲಿಗೆ ಸಾಕಷ್ಟು ಹತ್ತಿರ ಬರುತ್ತದೆ ಅಂತ ಕಾಡಿನ ಗಿಡಗಳ ಮೇಲೆ ಕೆಲಸ ಮಾಡಿದ ಸಂಶೋಧಕರು ಕಂಡುಕೊಂಡಿದ್ದಾರೆ. ಬೇರೆ ಊರಿನವರು ಇಂಥ ದಿನಕ್ಕೆ ಕಾಯಬೇಕು. ನಮಗೆ ಪುನರ್ವಸು, ಪುಷ್ಯ ಮಳೆಯ ಕಾಲದಲ್ಲಿ, ಅಂದರೆ ಜುಲೈ ಹೊತ್ತಿಗೆ, ದಿನಾ ಸಿಗುತ್ತದೆ.

ಎಂಥ ಮೋಡ ಅಂದರೆ, ಸೂರ್ಯ ಎಲ್ಲಿದ್ದಾನೆ ಅಂತ ಬೆರಳು ತೋರಿಸಲು ಆಗಬಾರದು. ಅಂಗಳದಲ್ಲಿ ನಿಂತರೆ ನಿಮ್ಮ ನೆರಳು ಬೀಳಬಾರದು. ಚೂರುಚೂರು ಮೋಡ ಓಡುವ ದಿನ ಬೇಡವೇ ಬೇಡ, ಅದು ಬಿಸಿಲಿನ ದಿನಕ್ಕಿಂತ ಕಡೆ. ಮಳೆ ಹೊಳವಾದಾಗ ಹೊರಡಿ, ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರರ ಒಳಗೆ.

ಇಬ್ಬರಿದ್ದರೆ ಒಳ್ಳೆಯದು. ಒಬ್ಬರು ಬಯಲಿನಲ್ಲಿ, ಒಬ್ಬರು ತೋಟದಲ್ಲಿ. ಬಯಲು ಅಂದರೆ ಮನೆಯ ಅಂಗಳ ಅಲ್ಲ, ಅಲ್ಲಿ ಮನೆಯ ಸೂರು ಅರ್ಧ ಆಕಾಶ ತಿಂದಿರುತ್ತದೆ. ಗದ್ದೆಯ ಮಧ್ಯ ಅಥವಾ ಬೇಣದ (ಹುಲ್ಲುಗಾವಲಿನ) ಮೇಲೆ ನಿಲ್ಲಿ, ಸುತ್ತಲಿನ ಮರಗಳಿಂದ ಅವುಗಳ ಎತ್ತರದ ಎರಡು ಮೂರು ಪಟ್ಟಾದರೂ ದೂರ. ಇಬ್ಬರ ಮೀಟರುಗಳನ್ನೂ ಮೊದಲು ಬಯಲಿನಲ್ಲಿ ಪಕ್ಕಪಕ್ಕ ಇಟ್ಟು ಎಷ್ಟು ವ್ಯತ್ಯಾಸ ತೋರಿಸುತ್ತವೆ ಅಂತ ನೋಡಿಕೊಂಡು, ಆಮೇಲೆ ಆ ಲೆಕ್ಕ ಸರಿಪಡಿಸಿ. ಗಡಿಯಾರ ಸರಿ ಮಾಡಿಕೊಂಡು ಎರಡು ನಿಮಿಷಕ್ಕೊಮ್ಮೆ ಇಬ್ಬರೂ ಬರೆದುಕೊಂಡರೆ ಫೋನ್ ಮಾಡುವ ಅಗತ್ಯವೇ ಇಲ್ಲ. ಹೇಗಿದ್ದರೂ ತೋಟದೊಳಗೆ ನೆಟ್‌ವರ್ಕ್ ಸಿಗುವುದಿಲ್ಲ, ಕೂ ಹಾಕಿ ಕರೆಯಬೇಕು.

ಒಬ್ಬರೇ ಇದ್ದರೆ ಹೀಗೆ ಮಾಡಿ: ಬಯಲಿನಲ್ಲಿ ಒಂದು ಸಲ, ತೋಟ ಪೂರ್ತಿ ಮುಗಿಸಿ, ಮತ್ತೆ ಬಯಲಿನಲ್ಲಿ ಒಂದು ಸಲ. ಬಯಲಿನ ಎರಡು ಅಂಕಿಗಳ ನಡುವೆ ಹತ್ತರಲ್ಲಿ ಒಂದು ಪಾಲಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಆಕಾಶ ಬದಲಾಗಿದೆ, ಆ ಸುತ್ತನ್ನು ಬಿಟ್ಟುಬಿಡಿ. ಉದಾಹರಣೆಗೆ, ಹೋಗುವಾಗ ಬಯಲಿನಲ್ಲಿ 16,000, ಬರುವಾಗ 15,000 ಅಂತಿಟ್ಟುಕೊಳ್ಳಿ. ಸರಾಸರಿ 15,500. ತೋಟದ ಎಲ್ಲ ಜಾಗಗಳ ಸರಾಸರಿ 4,300 ಬಂತು. ಭಾಗಿಸಿದರೆ ಸುಮಾರು 28 ಪರ್ಸೆಂಟ್. ಇದೇ ನಿಮಗೆ ಬೇಕಾದ ಅಂಕಿ.

ತೋಟದೊಳಗೆ ಎಲ್ಲೆಲ್ಲಿ ಅಳೆಯಬೇಕು? ಮನಸ್ಸಿಗೆ ಬಂದಲ್ಲಿ ನಿಂತರೆ ಕಾಲು ಯಾವಾಗಲೂ ಬೆಳಕಿದ್ದ ಕಡೆಗೇ ಹೋಗುತ್ತದೆ, ಅಥವಾ ಕಾದಿಗೆ (ನೀರು ಬಸಿಯುವ ಕಾಲುವೆ) ಇಲ್ಲದ ಕಡೆಗೆ. ಅದಕ್ಕೆ ಚೌಕ ಹಾಕಿಕೊಳ್ಳಿ. ಅಡಿಕೆಯನ್ನು 9 ಅಡಿ ಅಂತರದಲ್ಲಿ ನೆಟ್ಟಿದ್ದರೆ ನಾಲ್ಕು ಮರದ ನಡುವೆ ಒಂದು ಚೌಕ ಸಿಗುತ್ತದೆ. ಅದರೊಳಗೆ ಮೂರು ಸಾಲು, ಸಾಲಿಗೆ ಮೂರು ಜಾಗ, ಒಟ್ಟು ಒಂಬತ್ತು. ಇಂಥ ಮೂರು ಚೌಕಗಳನ್ನು ತೋಟದ ಬೇರೆ ಬೇರೆ ಭಾಗದಲ್ಲಿ ಆರಿಸಿ: ದರೆಯ ಪಕ್ಕ ಒಂದು, ನಡುವೆ ಒಂದು, ಹಳ್ಳದ ಕಡೆ ಒಂದು. ಗೂಟ ಹೊಡೆದು ಬಣ್ಣ ಹಚ್ಚಿಡಿ. ಮುಂದಿನ ವರ್ಷವೂ ಅದೇ ಗೂಟದ ಹತ್ತಿರವೇ ಅಳೆಯಬೇಕು, ಇಲ್ಲದಿದ್ದರೆ ಹೋಲಿಸುವುದಕ್ಕೇ ಆಗುವುದಿಲ್ಲ. ಸೆನ್ಸರ್ ಸಮತಟ್ಟಾಗಿರಲಿ, ಆಕಾಶ ನೋಡಲಿ. ನಿಮ್ಮ ತಲೆ, ಕೊಡೆ, ಪ್ಲಾಸ್ಟಿಕ್ ಕೊಪ್ಪೆ ಯಾವುದೂ ಅದರ ಮೇಲೆ ಬಾಗಿರಬಾರದು. ಬಿಳಿ ಅಂಗಿ ಬೇಡ, ಅದರಿಂದ ಚಿಮ್ಮಿದ ಬೆಳಕೂ ಸೆನ್ಸರಿಗೆ ಬೀಳುತ್ತದೆ. ಉಂಬಳಕ್ಕೆ (ಜಿಗಣೆಗೆ) ಏನು ಹಚ್ಚಿಕೊಳ್ಳಬೇಕು ಅಂತ ನಿಮಗೆ ನಾನು ಹೇಳಬೇಕಿಲ್ಲ ಅಲ್ವಾ.

ಬರೀ ಅಡಿಕೆ ಇರುವ ತೋಟದಲ್ಲಿ ಮೇಲೆ ಬಿದ್ದ ಬೆಳಕಿನ ಮೂರನೇ ಒಂದು ಪಾಲಿನಿಂದ ಹೆಚ್ಚುಕಡಿಮೆ ಅರ್ಧದವರೆಗೂ ಕೆಳಗೆ ಇಳಿಯುತ್ತದೆ. ಅಡಿಕೆಯ ನಡುವೆ ಕಾಳುಮೆಣಸು, ಏಲಕ್ಕಿ, ಕೋಕೋ, ಬಾಳೆ ಎಲ್ಲ ಬದುಕುವುದು ಇದರಿಂದಲೇ. ಹಲಸು, ಹಾಲವಾಣ, ಸಿಲ್ವರ್ ಓಕ್ ಸೇರಿಕೊಂಡರೆ ಇದಕ್ಕಿಂತ ಎಷ್ಟು ಇಳಿಯುತ್ತದೆ ಅನ್ನುವುದು ಒಂದೊಂದು ತೋಟದಲ್ಲಿ ಒಂದೊಂದು ಥರ. ಅದನ್ನು ತಿಳಿಯುವುದಕ್ಕೇ ಇಷ್ಟೆಲ್ಲ.

ಬಿಸಿಲಿನ ದಿನ ಅಳೆಯಲೇಬೇಕು ಅಂದರೆ

ಮೋಡದ ದಿನ ಹೇಳದ ಒಂದು ವಿಷಯ ಇದೆ: ನೇರ ಬಿಸಿಲು ಯಾವ ದಿಕ್ಕಿನಿಂದ, ಯಾವ ಹೊತ್ತಿಗೆ ನುಗ್ಗುತ್ತದೆ ಅನ್ನುವುದು. ಎಲೆ ಸುಡುವುದು, ಅಡಿಕೆ ಮರದ ಕಾಂಡ ಬಿಸಿಲಿಗೆ ಒಡೆಯುವುದು ಇದರಿಂದಲೇ.

ಇಲ್ಲಿ ಗಡಿಯಾರ ನಂಬಬೇಡಿ. ಶಿವಮೊಗ್ಗದಲ್ಲಿ ಸೂರ್ಯ ನೆತ್ತಿಗೆ ಬರುವುದು 12ಕ್ಕೆ ಅಲ್ಲ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ನಾವಿರುವುದು ಅದಕ್ಕಿಂತ ಸುಮಾರು 7 ಡಿಗ್ರಿ ಪಶ್ಚಿಮಕ್ಕೆ. ಹಾಗಾಗಿ ನಿಜವಾದ ಮಧ್ಯಾಹ್ನ ಸುಮಾರು ಹನ್ನೆರಡೂವರೆಗೆ. ಫೆಬ್ರವರಿಯಲ್ಲಿ 12:40 ದಾಟುತ್ತದೆ, ನವೆಂಬರ್ ಮೊದಲಲ್ಲಿ 12:10ರ ಹತ್ತಿರ ಬರುತ್ತದೆ. ಬೆಳಗಿನ ಅಳತೆಯನ್ನೂ ಸಂಜೆಯ ಅಳತೆಯನ್ನೂ ಹೋಲಿಸುವುದಾದರೆ ಇದರ ಎರಡೂ ಕಡೆ ಸಮದೂರದ ಹೊತ್ತನ್ನು ಆರಿಸಿ, ಬೆಳಗಿನ ಒಂಬತ್ತೂವರೆಗೆ ಜೋಡಿ ಮಧ್ಯಾಹ್ನದ ಮೂರೂವರೆ.

ಇನ್ನೊಂದು, ‘ಬಿಸಿಲು ದಕ್ಷಿಣದಿಂದ ಬರುತ್ತದೆ’ ಅನ್ನುವ ಮಾತು ವರ್ಷಪೂರ್ತಿ ನಿಜ ಅಲ್ಲ. ನಾವಿರುವುದು ಉತ್ತರ ಅಕ್ಷಾಂಶ 14 ಡಿಗ್ರಿಯ ಹತ್ತಿರ. ಅಶ್ವಿನಿ ಮುಗಿದು ಭರಣಿ ಮಳೆ ಶುರುವಾಗುವ ಹೊತ್ತಿಗೆ, ಅಂದರೆ ಏಪ್ರಿಲ್ ಕೊನೆಯ ವಾರ, ಮಧ್ಯಾಹ್ನದ ಸೂರ್ಯ ಸರಿಯಾಗಿ ತಲೆಯ ಮೇಲೆ ಇರುತ್ತಾನೆ. ಅಲ್ಲಿಂದ ಆಗಸ್ಟ್ ಮಧ್ಯದವರೆಗೆ, ಆಶ್ಲೇಷ ಮಳೆ ಮುಗಿಯುವವರೆಗೆ, ಮಧ್ಯಾಹ್ನದ ಬಿಸಿಲು ಬರುವುದು ಉತ್ತರದ ಕಡೆಯಿಂದ. ಡಿಸೆಂಬರ್ ಕೊನೆಗೆ ನೋಡಿದರೆ ಮಧ್ಯಾಹ್ನವೂ ಸೂರ್ಯ 53 ಡಿಗ್ರಿಗಿಂತ ಮೇಲೇರುವುದಿಲ್ಲ, ದಕ್ಷಿಣಕ್ಕೆ ವಾಲಿಕೊಂಡೇ ಹೋಗುತ್ತಾನೆ. ಆಗ ದಕ್ಷಿಣ ಮತ್ತು ನೈಋತ್ಯದ ಅಂಚಿನ ಮರಗಳಿಗೆ ಸಂಜೆ ಬಿಸಿಲು ಕಾಂಡದ ಮೇಲೆಯೇ ಹೊಡೆಯುತ್ತದೆ. ಸೋಗೆ ಕಟ್ಟುವುದು, ಸುಣ್ಣ ಹಚ್ಚುವುದು ಇದಕ್ಕೇ. ಹೊಸ ಅಡಿಕೆ ತೋಟದ ಸಾಲುಗಳನ್ನು ಉತ್ತರ-ದಕ್ಷಿಣ ಗೆರೆಯಿಂದ 35 ಡಿಗ್ರಿ ಪಶ್ಚಿಮಕ್ಕೆ ತಿರುಗಿಸಿ ನೆಡಿ ಅನ್ನುವ ಶಿಫಾರಸು ಇರುವುದೂ, ಮೆಣಸಿನ ಬಳ್ಳಿಯನ್ನು ಆಸರೆ ಮರದ ಉತ್ತರದ ಮಗ್ಗುಲಿಗೆ ನೆಡಿ ಅನ್ನುವುದೂ ಇದೇ ಲೆಕ್ಕದಿಂದ.

ಕಣಿವೆಯ ತೋಟಗಳಲ್ಲಿ ಮೀಟರ್ ಇಲ್ಲದೆಯೂ ಒಂದು ಮುಖ್ಯ ಅಳತೆ ತಗೊಳ್ಳಬಹುದು. ತೋಟದ ನೆತ್ತಿಗೆ ಬೆಳಗ್ಗೆ ಮೊದಲ ಬಿಸಿಲು ತಾಗಿದ ಹೊತ್ತು, ಸಂಜೆ ಗುಡ್ಡದ ನೆರಳು ಬಿದ್ದ ಹೊತ್ತು, ಎರಡನ್ನೂ ಬರೆದಿಡಿ. ತೀರ್ಥಹಳ್ಳಿ, ಹೊಸನಗರದ ಕಡೆ ಎಷ್ಟೋ ತೋಟಗಳಿಗೆ ಗುಡ್ಡ ಅಡ್ಡ ಇರುವುದರಿಂದ ಬಿಸಿಲು ಬರುವುದೇ ತಡ, ಹೋಗುವುದು ಬೇಗ. ಅಂಥ ಕಡೆ ಮೂರು ಗಂಟೆ ಬಿಸಿಲು ಗುಡ್ಡಕ್ಕೇ ಹೋಗಿರುವಾಗ ಮರದ ಮೇಲೆ ಸಿಟ್ಟು ತೀರಿಸಿಕೊಂಡು ಪ್ರಯೋಜನ ಇಲ್ಲ.

ಒಂದೇ ಎಲೆಯನ್ನು ಅಳೆಯುವಾಗ

ಇಲ್ಲಿಯವರೆಗೆ ಸೆನ್ಸರ್ ಸಮತಟ್ಟಾಗಿತ್ತು. ಆದರೆ ಎಲೆ ಸಮತಟ್ಟಾಗಿ ಇರುವುದಿಲ್ಲವಲ್ಲ. ಮೆಣಸಿನ ಎಲೆ ಇಳಿಬಿದ್ದಿರುತ್ತದೆ, ಬಾಳೆ ಎಲೆ ಮಧ್ಯಾಹ್ನ ಎರಡೂ ಮಗ್ಗುಲು ಮಡಚುತ್ತದೆ, ಅಡಿಕೆಯ ಎಳೆ ಸೋಗೆ ಕಡ್ಡಿಯ ಹಾಗೆ ನೆಟ್ಟಗೆ ನಿಂತಿರುತ್ತದೆ. ಎಲೆಗೆ ಎಷ್ಟು ಬೀಳುತ್ತದೆ ಅಂತ ತಿಳಿಯಬೇಕಾದರೆ ಸೆನ್ಸರ್ ಎಲೆಯ ಹಾಗೆಯೇ ವಾಲಿರಬೇಕು, ಅದೇ ದಿಕ್ಕಿಗೆ ಮುಖ ಮಾಡಿರಬೇಕು. ಎಲೆಯನ್ನು ಹಿಡಿದು ನೇರ ಮಾಡಬೇಡಿ. ಸೆನ್ಸರನ್ನು ಎಲೆಯ ಪಕ್ಕಕ್ಕೆ, ಅದೇ ಓರೆಯಲ್ಲಿ, ಎಲೆಗೆ ತಾಗದಂತೆ ಇಡಿ. ವೈರಿನ ಸೆನ್ಸರ್ ಬೇಕು ಅಂದದ್ದು ಇದಕ್ಕೇ, ಫೋನು ಇಟ್ಟರೆ ಅದೇ ನಾಲ್ಕು ಎಲೆಗೆ ನೆರಳು ಮಾಡುತ್ತದೆ.

ಯಾವ ಎಲೆ? ಪೂರ್ತಿ ಬಲಿತ, ಆದರೆ ಹಳತಾಗದ ಎಲೆ. ಬಳ್ಳಿಯ ಬುಡ, ಎದೆಮಟ್ಟ, ತುದಿ ಮೂರೂ ಕಡೆ. ಬಳ್ಳಿಯ ನಾಲ್ಕೂ ದಿಕ್ಕಿನಲ್ಲಿ. ತುದಿಗೆ ತಲುಪುವುದು ಹೇಗೆ ಅಂದರೆ ಏಣಿ, ಇಲ್ಲವೇ ದೋಟಿ. ಈಗ ಅಡಿಕೆ ಕೊನೆ (ಗೊನೆ) ತೆಗೆಯುವುದಕ್ಕೆ, ಔಷಧಿ ಹೊಡೆಯುವುದಕ್ಕೆ ಕಾರ್ಬನ್ ಫೈಬರ್ ದೋಟಿ ಬಂದಿದೆಯಲ್ಲ, ಅದರ ತುದಿಗೆ ಸಣ್ಣ ಸೆನ್ಸರ್ ಕಟ್ಟಿ ಮೇಲೆ ಕಳಿಸಬಹುದು. ಕರೆಂಟ್ ಲೈನ್ ಹತ್ತಿರ ಮಾತ್ರ ಬೇಡವೇ ಬೇಡ, ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ.

ಕೈಯಲ್ಲಿ ಹಿಡಿದು ಅಳೆದು ಸಾಕಾಯ್ತು ಅಂದರೆ ಲಾಗರ್, ಅಂದರೆ ಅಂಕಿಯನ್ನು ತಾನೇ ಬರೆದಿಟ್ಟುಕೊಳ್ಳುವ ಸಾಧನ, ಮಾಡಿಕೊಳ್ಳಿ. ಎಲೆಕ್ಟ್ರಾನಿಕ್ಸ್ ಗೊತ್ತಿರುವ ಹುಡುಗರು ಮನೆಯಲ್ಲಿದ್ದರೆ ಇದು ಒಂದು ಭಾನುವಾರದ ಕೆಲಸ. ಇಎಸ್‌ಪಿ32 ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡು, ಬಿಎಚ್1750 ಅನ್ನುವ ಬೆಳಕಿನ ಸೆನ್ಸರ್, ಮೆಮೊರಿ ಕಾರ್ಡು, ಬ್ಯಾಟರಿ. ನಿಮಿಷಕ್ಕೊಮ್ಮೆ ಅಂಕಿ ಬರೆದುಕೊಳ್ಳಲಿ. ಈ ಸೆನ್ಸರಿನಲ್ಲಿ ಒಂದು ತೊಡಕಿದೆ: ಮಾಮೂಲಿ ಸೆಟ್ಟಿಂಗಿನಲ್ಲಿ ಅದು ಎಣಿಸುವುದು 65,535ರ ಒಳಗೆ. ಬಯಲಿನ ಮಧ್ಯಾಹ್ನಕ್ಕೆ ಅದು ಸಾಲದು. ಟೆಫ್ಲಾನ್ ಹೊದಿಕೆ ಹಾಕಿ ಇಳಿಸಿ, ಇಲ್ಲವೇ ಪ್ರೋಗ್ರಾಮಿನಲ್ಲಿ ಅದರ ಸೂಕ್ಷ್ಮತೆ ಕಡಿಮೆ ಮಾಡಿ. ಡಬ್ಬಿಗೆ ಸಿಲಿಕೋನ್ ಹಚ್ಚಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಒಂದೆರಡು ಹಾಕಿ. ಆಗುಂಬೆ ಕಡೆಯವರಾದರೆ ನಾಲ್ಕು ಹಾಕಿ.

ಲಾಗರ್ ಇದ್ದರೆ ದಿನದ ಒಟ್ಟು ಬೆಳಕನ್ನು ಲೆಕ್ಕ ಹಾಕಬಹುದು. ಬೆಳಗಿನಿಂದ ಸಂಜೆವರೆಗಿನ ಸರಾಸರಿ ಲಕ್ಸ್ ತಗೊಂಡು 54ರಿಂದ ಭಾಗಿಸಿ, ಬೆಳಕಿದ್ದ ಒಟ್ಟು ಸೆಕೆಂಡುಗಳಿಂದ ಗುಣಿಸಿ, 10 ಲಕ್ಷದಿಂದ ಭಾಗಿಸಿ (10 ಲಕ್ಷ ಮೈಕ್ರೋಮೋಲ್ ಸೇರಿದರೆ ಒಂದು ಮೋಲ್). ಸರಾಸರಿ 12,000 ಲಕ್ಸ್ 11 ಗಂಟೆ ಇತ್ತು ಅಂದುಕೊಳ್ಳಿ. 12,000 ಭಾಗಿಸು 54 ಅಂದರೆ 222. 11 ಗಂಟೆಗೆ 39,600 ಸೆಕೆಂಡು. ಗುಣಿಸಿ, ಭಾಗಿಸಿದರೆ 8.8 ಮೋಲ್. ನರ್ಸರಿಯವರು, ಹಸಿರುಮನೆಯವರು ‘ದಿನಕ್ಕೆ ಇಷ್ಟು ಮೋಲ್’ ಅನ್ನುವುದು ಇದನ್ನೇ. ನೆರಳಿನಲ್ಲಿ 54ರ ಲೆಕ್ಕ ಸ್ವಲ್ಪ ಜಾಸ್ತಿ ತೋರಿಸುತ್ತದೆ ಅನ್ನುವುದು ನೆನಪಿರಲಿ.

ಸರಾಸರಿಯೊಂದನ್ನೇ ನೋಡಿ ಕೂರಬೇಡಿ. ನೆರಳಿನಲ್ಲಿ ಬೆಳೆದ ಎಲೆ ಒಂದು ಮಟ್ಟದ ಮೇಲೆ ಬಂದ ಬೆಳಕನ್ನು ಬಳಸಲಾರದು. ದಿನವಿಡೀ ಒಂದೇ ಸಮ 300 ಮೈಕ್ರೋಮೋಲ್ ಸಿಕ್ಕ ಎಲೆ ಅದನ್ನು ಚೆನ್ನಾಗಿ ಬಳಸಿಕೊಳ್ಳುತ್ತದೆ. ಪಕ್ಕದ ಎಲೆಗೆ ಮಧ್ಯಾಹ್ನ ಸ್ವಲ್ಪ ಹೊತ್ತು 1,500, ಉಳಿದ ಹೊತ್ತು 50 ಸಿಕ್ಕಿ ಸರಾಸರಿ ಅಷ್ಟೇ ಬಂದರೂ ಆ ಎಲೆ ಹಿಂದೆ ಬೀಳುತ್ತದೆ. ಮಧ್ಯಾಹ್ನ ಬಂದದ್ದರಲ್ಲಿ ಬಹುಪಾಲು ಅದಕ್ಕೆ ದಂಡ, ಬೇಸಿಗೆಯಲ್ಲಿ ಎಲೆ ಹಳದಿಯಾಗುವುದೂ ಉಂಟು. ಲಾಗರಿನ ಅಂಕಿಗಳನ್ನು ಎಕ್ಸೆಲ್‌ಗೆ ಹಾಕಿ ಗ್ರಾಫ್ ಮಾಡಿ. ದಿಬ್ಬದ ಹಾಗೆ ಇದೆಯಾ, ಮುಳ್ಳಿನ ಹಾಗೆ ಇದೆಯಾ ಅಂತ ಕಣ್ಣಿಗೇ ಕಾಣುತ್ತದೆ.

ಮೀಟರೇ ಬೇಡ ಅನ್ನುವವರಿಗೆ ಫೋಟೋ ವಿಧಾನ ಇದೆ. ಇಡೀ ಆಕಾಶ ಒಂದೇ ಫೋಟೋದಲ್ಲಿ ಬರುವಂಥ, ಫೋನಿಗೆ ಸಿಕ್ಕಿಸುವ ಫಿಶ್‌ಐ ಲೆನ್ಸ್ ಹಾಕಿ, ಫೋನನ್ನು ಮೇಲ್ಮುಖವಾಗಿ ಸಮತಟ್ಟಾಗಿ ಇಟ್ಟು, ಸೂರ್ಯ ಹುಟ್ಟುವ ಮೊದಲು ಅಥವಾ ಮೋಡದಲ್ಲಿ ಫೋಟೋ ತೆಗೆಯಿರಿ. ಇಮೇಜ್‌ಜೆ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಕಪ್ಪು-ಬಿಳುಪು ಮಾಡಿದರೆ ಆಕಾಶ ಎಷ್ಟು ಭಾಗ ತೆರೆದಿದೆ ಅಂತ ಬರುತ್ತದೆ. ವರ್ಷಾ ವರ್ಷ ಅದೇ ಗೂಟದ ಮೇಲಿಂದ ತೆಗೆದ ಫೋಟೋಗಳನ್ನು ಪಕ್ಕಪಕ್ಕ ಇಟ್ಟು ನೋಡುವುದೇ ಒಂದು ಮಜಾ. ಇನ್ನೂ ಹಳೆಯದು ಅಮೋನಿಯಾ ಪ್ರಿಂಟ್ ಕಾಗದದ್ದು. ನಕ್ಷೆ ಪ್ರಿಂಟ್ ಮಾಡುತ್ತಿದ್ದ ಆ ಕಾಗದವನ್ನು ಪುಟ್ಟ ಪುಸ್ತಕದ ಹಾಗೆ ಪದರ ಮಾಡಿ ತೋಟದಲ್ಲಿಟ್ಟು, ಸಂಜೆ ಎಷ್ಟು ಪದರ ಬೆಳ್ಳಗಾಗಿದೆ ಅಂತ ಎಣಿಸುವುದು. 1961ರಲ್ಲೇ ಈ ವಿಧಾನ ಪ್ರಕಟವಾಗಿದೆ. ಈಗ ಆ ಕಾಗದ ಸಿಗುವುದೇ ಕಷ್ಟ.

ಅಂಕಿ ಬಂತು, ಮುಂದೇನು

ಮೊದಲು ಗಿಡವನ್ನೇ ಕೇಳಿ. ಎಲೆ ಅಗಲವಾಗಿ, ತೆಳ್ಳಗೆ, ಕಡು ಹಸಿರಾಗಿ, ಗಿಣ್ಣುಗಳ ನಡುವೆ ಉದ್ದ ಉದ್ದ ಬೆಳೆದು ಫಸಲು ಕಮ್ಮಿ ಇದ್ದರೆ ಅದು ಬೆಳಕಿಗೆ ಹುಡುಕಾಡುತ್ತಿದೆ. ದಟ್ಟ ನೆರಳಿನ ಮೆಣಸಿಗೆ ಪೊಳ್ಳು ದುಂಬಿಯ ಕಾಟವೂ ಜಾಸ್ತಿ. ಗೂಟದ ಹತ್ತಿರದ ಪಾಲನ್ನೂ ಅದೇ ಜಾಗದ ಬಳ್ಳಿಯ ಫಸಲನ್ನೂ ಒಂದೇ ಪುಟದಲ್ಲಿ ಬರೆಯಿರಿ. ನಿಮ್ಮ ತೋಟದಲ್ಲಿ ಎಷ್ಟು ಪರ್ಸೆಂಟ್ ಬೆಳಕಿಗೆ ಬಳ್ಳಿ ಚೆನ್ನಾಗಿ ಬಿಡುತ್ತದೆ ಅಂತ ನಾಲ್ಕೈದು ಗೂಟ ಹೋಲಿಸಿದರೆ ಕಾಣತೊಡಗುತ್ತದೆ, ಅದು ಯಾವ ಪುಸ್ತಕದ ಅಂಕಿಗಿಂತಲೂ ನಿಮಗೆ ಹತ್ತಿರದ್ದು.

ಮರಗಸಿ ಮಾಡಿಸುವಾಗ ಒಂದೇ ಸಲಕ್ಕೆ ಬೋಳು ಮಾಡಿಸಬೇಡಿ. ಒಂದು ಚೌಕದ ಮೇಲಿನ ಒಂದೆರಡು ಕೊಂಬೆ ತೆಗೆಸಿ, ಮಾರನೇ ದಿನ ಅದೇ ಗೂಟಗಳ ಹತ್ತಿರ ಅಳೆಯಿರಿ. ಎಂಟು ಪರ್ಸೆಂಟ್ ಇದ್ದದ್ದು ಇಪ್ಪತ್ತಾಯಿತಾ, ಸಾಕು. ಅದೇ ಲೆಕ್ಕದಲ್ಲಿ ಉಳಿದದ್ದಕ್ಕೆ ಹೇಳಿ. ಮರ ಹತ್ತುವವರಿಗೂ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಗುತ್ತದೆ, ಇಲ್ಲದಿದ್ದರೆ ಅವರ ಕತ್ತಿ ಅವರ ಇಷ್ಟ.

ನರ್ಸರಿ ಇದ್ದವರು ಇದೇ ಮೀಟರಿನಲ್ಲಿ ನೆರಳಿನ ಬಲೆಯನ್ನೂ (ಶೇಡ್ ನೆಟ್) ಒಮ್ಮೆ ನೋಡಿಬಿಡಿ. 50 ಪರ್ಸೆಂಟ್ ಅಂತ ಚೀಟಿ ಇರುವ ಶೇಡ್ ನೆಟ್ ಹೊಸತಿನಲ್ಲಿ ಅಷ್ಟೇ ತಡೆದರೂ, ಎರಡು ಮಳೆಗಾಲ ಕಳೆದು ಪಾಚಿ ಹಿಡಿದ ಮೇಲೆ ಹಾಗೇ ಇರುವುದಿಲ್ಲ. ನೆಟ್ಟಿನ ಹೊರಗೊಂದು, ಒಳಗೆ ಸಸಿಯ ಮಟ್ಟದಲ್ಲಿ ಐದಾರು ಅಂಕಿ ತಗೊಂಡು ಪಾಲು ತೆಗೆಯಿರಿ. ಕಾಲುಭಾಗವೂ ಒಳಗೆ ಬರುತ್ತಿಲ್ಲ ಅಂದರೆ ಗೊಬ್ಬರ ಬದಲಿಸುವ ಮೊದಲು ನೆಟ್ ಬಿಚ್ಚಿ ತೊಳೆಸಿ, ಒಣಗಿದ ಮೇಲೆ ಕಟ್ಟಿ ಇನ್ನೊಮ್ಮೆ ಅಳೆಯಿರಿ.